ಎಡಗಡೆಯ ಅರ್ಧ ಇಂಚು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಸೂಜಿ. ಕಡ್ಡಿಯಂಥ ಮೈಯಿಂದ ಬಂದ ಹೆಸರಿರಬೇಕು ಅಂತ ಹೊಸಬರು ಅಂದುಕೊಳ್ಳುತ್ತಿದ್ದರು. ನಿಜವಾದ ಕಾರಣ ಬೇರೆ. ದಾರ ಪೋಣಿಸಿದ ಒಂದು ಸೂಜಿ ಅವಳ ಅಂಗಿಯ ಎಡಗಡೆ, ಎದೆಯ ಮೇಲೆ, ಬೆಳಗಿನಿಂದ ಸಂಜೆವರೆಗೂ ಚುಚ್ಚಿಕೊಂಡೇ ಇರುತ್ತಿತ್ತು. ಎಲ್ಲಿ ಹೊಲಿಗೆ ಬಿಚ್ಚಿದ್ದು ಕಂಡರೂ ಅವಳ ಬಲಗೈ ತಾನೇ ತಾನಾಗಿ ಆ ಸೂಜಿಗೆ ಹೋಗುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ತೂಕಡಿಸುತ್ತಿದ್ದ ಅಪರಿಚಿತರೊಬ್ಬರ ಕೋಟಿನ ಗುಂಡಿಯನ್ನು ಎರಡು ಸ್ಟಾಪುಗಳ ನಡುವೆ ಹೊಲಿದು ಮುಗಿಸಿ, ಮುಂದಿನ ಸೀಟಿನಲ್ಲಿದ್ದ ಅವರ ಹೆಂಡತಿಯಿಂದ ಚೆನ್ನಾಗಿ ಉಗಿಸಿಕೊಂಡಿದ್ದಳು. ಗುಂಡಿ ಮಾತ್ರ ಇವತ್ತಿಗೂ ಬಿದ್ದಿರಲಿಕ್ಕಿಲ್ಲ.

ಅಂಗಡಿ ಅವಳ ದೊಡ್ಡಮ್ಮನದು. ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಒಂದು ಮೂಲೆ ಒಡೆದ ನಿಲುವುಗನ್ನಡಿ, ಅಳತೆ ನೋಡಿಕೊಳ್ಳಲು ಒಂದು ಪರದೆಯ ಮರೆ. ಅಲ್ಲಿ ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಇದ್ದ ಬಟ್ಟೆಯನ್ನು ಇದ್ದ ಮೈಗೆ ಹೊಂದಿಸಿಕೊಡುವುದಷ್ಟೇ ಕೆಲಸ. ಸಡಿಲ ಮಾಡುವುದು, ಬಿಗಿ ಮಾಡುವುದು, ಗಿಡ್ಡ ಮಾಡುವುದು. ಈ ಕಾರಣದಿಂದ ಬೀದಿಯ ಅರ್ಧ ಗುಟ್ಟು ಆ ಅಂಗಡಿಯಲ್ಲಿತ್ತು. ಯಾರ ಹೊಟ್ಟೆ ಯಾವ ತಿಂಗಳಲ್ಲಿ ಎಷ್ಟು ಬೆಳೆಯಿತು, ಯಾರು ಚಿಂತೆಯಲ್ಲಿ ಇಳಿದುಹೋದರು, ಯಾವ ಮೇಷ್ಟರು ಮದುವೆಗೆ ಮುಂಚೆ ಪ್ಯಾಂಟಿನ ಸೊಂಟವನ್ನು ಮೂರು ಸಲ ಚಿಕ್ಕದು ಮಾಡಿಸಿ ಮದುವೆಯಾದ ವರ್ಷವೇ ನಾಲ್ಕು ಸಲ ದೊಡ್ಡದು ಮಾಡಿಸಿದರು, ಎಲ್ಲ ಗೊತ್ತು. ಆದರೆ ದೊಡ್ಡಮ್ಮನ ಅಂಗಡಿಗೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು.

"ಎಷ್ಟು ಅಂತ ಕೇಳು, ಯಾಕೆ ಅಂತ ಕೇಳಬೇಡ," ಅಂತ ಅವರು ಸೂಜಿಗೆ, ಅವಳು ಹದಿನಾರರಲ್ಲಿ ಕೆಲಸ ಕಲಿಯಲು ಬಂದ ಮೊದಲ ದಿನವೇ ಹೇಳಿದ್ದರು. "ಯಾಕೆ ಅಂತ ಕೇಳಿದ್ರೆ ಗಿರಾಕಿ ಎದುರುಗಡೆ ಅಂಗಡಿಗೆ ಹೋಗ್ತಾರೆ."

ಎದುರುಗಡೆ ಇದ್ದದ್ದು ಸೈಕಲ್ ಅಂಗಡಿ. ಆದರೂ ಆ ಮಾತನ್ನು ಇಬ್ಬರೂ ವೇದವಾಕ್ಯದಂತೆ ಪಾಲಿಸಿಕೊಂಡು ಬಂದಿದ್ದರು.

ದೊಡ್ಡಮ್ಮ ಮಾತಾಡುವಾಗ ಬಾಯಲ್ಲಿ ಸದಾ ಹತ್ತು ಹನ್ನೆರಡು ಗುಂಡುಸೂಜಿ ಇರುತ್ತಿದ್ದವು. ತುಟಿಯ ಒಂದು ಕೊನೆಯಲ್ಲಿ ಅವನ್ನು ಕಚ್ಚಿಕೊಂಡು, ಇನ್ನೊಂದು ಕೊನೆಯಿಂದ ಬೈಯುವುದು, ನಗುವುದು, ಫೋನಿನಲ್ಲಿ ಗಂಟೆಗಟ್ಟಲೆ ಹರಟುವುದು ಎಲ್ಲ ನಡೆಯುತ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ಸೂಜಿಯನ್ನೂ ನುಂಗಿದವರಲ್ಲ. ಅವರು ಸೂಜಿಗಳನ್ನು ಬಾಯಿಂದ ತೆಗೆದಿಟ್ಟು ಮಾತಾಡಿದರೆ ವಿಷಯ ಗಂಭೀರ ಅಂತ ಅರ್ಥ. ಸೂಜಿಯ ಅಮ್ಮ, ಅಂದರೆ ದೊಡ್ಡಮ್ಮನ ಸ್ವಂತ ತಂಗಿ, ತೀರಿಕೊಂಡ ದಿನ ಹಾಗೆ ಮಾತಾಡಿದ್ದರು. ಅದಾಗಿ ಏಳು ವರ್ಷ. ಆಗ ಸೂಜಿಗೆ ಹದಿನೇಳು, ಈಗ ಇಪ್ಪತ್ತನಾಲ್ಕು.

ಅಮ್ಮನನ್ನು ತೆಗೆದುಕೊಂಡು ಹೋದದ್ದು ಸ್ತನದಲ್ಲಿ ಎದ್ದ ಒಂದು ಗಂಟು. ಹಾಗಾಗಿ ಮೂರು ತಿಂಗಳ ಹಿಂದೆ ಎಡಗಡೆ ಎದೆಯಲ್ಲಿ ಚುಳಕ್ಕೆಂದಾಗ ಸೂಜಿಗೆ ಮೊದಲು ನೆನಪಾದದ್ದು ಅದೇ.

ನೋವು ಒಂದೇ ಬಗೆಯದಾಗಿದ್ದರೆ ಹೇಗೋ ಸಂಭಾಳಿಸುತ್ತಿದ್ದಳು. ಆದರೆ ಅದು ದಿನಕ್ಕೊಂದು ವೇಷ ಹಾಕುತ್ತಿತ್ತು. ತಿಂಗಳಲ್ಲಿ ನಾಲ್ಕೈದು ದಿನ ಎರಡೂ ಕಡೆ ಭಾರ, ಮೆಟ್ಟಿಲು ಇಳಿದರೂ ಹಿಂಸೆ. ಇನ್ನುಳಿದ ದಿನಗಳಲ್ಲಿ ಎಡಗಡೆ ಮಾತ್ರ, ಕತ್ತರಿ ಒತ್ತಿದಾಗ, ಕೆಮ್ಮಿದಾಗ, ಆಳವಾಗಿ ಉಸಿರೆಳೆದಾಗ ಯಾರೋ ಒಳಗಿನಿಂದ ಚುಚ್ಚಿದ ಹಾಗೆ. ಅವಳು ಎರಡನ್ನೂ ಒಂದೇ ಗಂಟು ಹಾಕಿ, ಅದಕ್ಕೆ ಅಮ್ಮನ ಕಾಯಿಲೆಯ ಹೆಸರಿಟ್ಟು, ಹೊಟ್ಟೆಯೊಳಗೆ ಇಟ್ಟುಕೊಂಡಳು. ಪರದೆಯ ಮರೆಗೆ ಹೋಗಿ ದಿನಕ್ಕೆ ಹತ್ತು ಸಲ ಬೆರಳಿನಿಂದ ಒತ್ತಿ ಒತ್ತಿ ಹುಡುಕಿದಳು. ಹಾಗೆ ಒತ್ತಿದರೆ ಕಲ್ಲಾದರೂ ನೋಯುತ್ತದೆ. ನೋವು ಜಾಸ್ತಿಯಾಯಿತು, ಜಾಸ್ತಿಯಾಯಿತು ಅಂತ ಇನ್ನಷ್ಟು ಒತ್ತಿದಳು.

ಯಾರಿಗೂ ಹೇಳದೆ ಇರಲಾಗಲಿಲ್ಲ, ತನಗೆ ಅಂತ ಹೇಳಲೂ ಆಗಲಿಲ್ಲ. ಅದಕ್ಕೆ ಒಬ್ಬ ಸ್ನೇಹಿತೆಯನ್ನು ಹುಟ್ಟಿಸಿದಳು. "ನನ್ನ ಫ್ರೆಂಡ್ ಒಬ್ಬಳಿಗೆ ಎಡಗಡೆ ನೋವಂತೆ" ಅಂತ ಮೆಡಿಕಲ್ ಶಾಪಿನವನ ಹತ್ತಿರ ಕೇಳಿದಳು. ಅವನು ಗ್ಯಾಸು ಅಂದು ಮಾತ್ರೆ ಕೊಟ್ಟ. ಅವನ ಲೆಕ್ಕದಲ್ಲಿ ತಲೆನೋವು, ಮಂಡಿನೋವು, ಕೆಲಸ ಸಿಗದಿರುವುದು, ಎಲ್ಲವೂ ಗ್ಯಾಸೇ. ಮಾಳಿಗೆಮನೆಯ ಅಜ್ಜಿಯ ಹತ್ತಿರ ಕೇಳಿದಳು. ಅಜ್ಜಿ ಅವಳನ್ನೇ ಮೇಲಿಂದ ಕೆಳಗೆ ನೋಡಿ, "ಹುಡುಗ ಯಾರಂತೆ?" ಅಂದರು. ಸ್ಕೂಲಿನ ಹಳೆಯ ಸಹಪಾಠಿಯೊಬ್ಬಳು ಹಾರ್ಟ್ ಅಂದಳು, ಈಗೀಗ ಚಿಕ್ಕವರಿಗೇ ಆಗುತ್ತದೆ ಅಂತ ನಾಲ್ಕು ಉದಾಹರಣೆ ಬೇರೆ ಕೊಟ್ಟಳು. ಆ ಇಲ್ಲದ ಸ್ನೇಹಿತೆಗೆ ಹೀಗೆ ಒಂದೇ ವಾರದಲ್ಲಿ ಮೂರು ಕಾಯಿಲೆ ಅಂಟಿದವು. ಪಾಪ, ಅವಳು ಬದುಕುವುದೇ ಕಷ್ಟ ಅಂತ ಸೂಜಿಗೆ ಅನಿಸಿತು.

ಆಸ್ಪತ್ರೆಗೆ ಹೋಗುವ ಯೋಚನೆ ಬರಲಿಲ್ಲ ಅಂತಲ್ಲ. ಬಾಗಿಲವರೆಗೂ ಎರಡು ಸಲ ಹೋಗಿ ಬಂದಿದ್ದಳು. ಒಳಗೆ ಹೋದರೆ ಹೇಳಿಬಿಡುತ್ತಾರೆ, ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಕೊನೆಗೆ ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದಳು. ಒಂದು ಮಧ್ಯಾಹ್ನ, ದೊಡ್ಡಮ್ಮ ಊಟಕ್ಕೆ ಹೋಗಿದ್ದಾಗ, ತನ್ನ ಅಂಗಿಯ ಎಡಗಡೆಯ ಟಕ್ಸ್, ಅಂದರೆ ಎದೆಯ ಅಳತೆಗೆ ಹಿಡಿದ ಮಡಿಕೆ ಹೊಲಿಗೆ, ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿ ಹೊಲಿದುಕೊಂಡಳು.

ಆ ಅರ್ಧ ಇಂಚು ಸರಿಯಾಗಿ ಎರಡು ದಿನ ಬಾಳಿತು.

ಮೂರನೇ ದಿನ ಬೆಳಗ್ಗೆ ಸೂಜಿ ಕಾವಲುಗಾರರ ಕೋಟುಗಳ ರಾಶಿಯ ಹಿಂದೆ ಕೂತಿದ್ದಳು. ಒಂದು ಸೆಕ್ಯೂರಿಟಿ ಕಂಪನಿಯವರು ನಾಲ್ಕು ತಿಂಗಳ ಹಿಂದೆ ಎಂಬತ್ತು ದಪ್ಪ ಕೋಟು ಕೊಟ್ಟಿದ್ದರು, ಎಲ್ಲದಕ್ಕೂ ತೋಳು ಗಿಡ್ಡ ಮಾಡಿ ಒಳಗೆ ಹೊಸ ಲೈನಿಂಗ್ ಹಾಕಬೇಕು. ದೊಡ್ಡಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರಿಗೋ ಬೈಯುತ್ತಾ ಹಾದುಹೋದವರು ಮಧ್ಯದಲ್ಲಿ ನಿಂತರು. ಬೈಗುಳವೂ ನಿಂತಿತು. ಅವರ ಕಣ್ಣು ಸೂಜಿಯ ಅಂಗಿಯ ಮೇಲಿತ್ತು.

ಒಂದು ಗುಂಡುಸೂಜಿ ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು. ಇನ್ನೊಂದು ತೆಗೆದಿಟ್ಟರು. ಸೂಜಿ ಎಣಿಸಿದಳು, ಹನ್ನೊಂದು.

"ಎಡಗಡೆ ಟಕ್ಸ್ ಯಾರು ಬಿಚ್ಚಿದ್ದು?"

"ನಾನೇ, ದೊಡ್ಡಮ್ಮ. ಸ್ವಲ್ಪ ಬಿಗಿ ಆಗ್ತಿತ್ತು."

"ಬಲಗಡೆ?"

"ಬಲಗಡೆ ಸರಿ ಇದೆ."

ದೊಡ್ಡಮ್ಮ ಬಾಗಿಲಿಗೆ ಹೋದರು. ಚಪ್ಪಲಿ ಮೆಟ್ಟಿದರು, ಸೂಜಿಯ ಚಪ್ಪಲಿಯನ್ನು ಕಾಲಿನಿಂದಲೇ ಅವಳ ಮುಂದೆ ತಳ್ಳಿದರು. ಮೂವತ್ತು ವರ್ಷದಲ್ಲಿ, ತಂಗಿ ತೀರಿಕೊಂಡ ದಿನ ಬಿಟ್ಟರೆ, ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಆ ಅಂಗಡಿಯ ಶಟರ್ ಇಳಿದದ್ದು ಅದೇ ಮೊದಲು. ಸೈಕಲ್ ಅಂಗಡಿಯವನು ಪಂಪು ಬಿಟ್ಟು ಎದ್ದು ನಿಂತು ನೋಡಿದ.

"ಎಲ್ಲಿಗೆ ದೊಡ್ಡಮ್ಮ?"

"ಸುಮ್ನೆ ನಡಿ."

ಆಸ್ಪತ್ರೆಯಲ್ಲಿ ದೊಡ್ಡಮ್ಮ ಸಾಲು ಗೀಲು ಏನೂ ನೋಡಲಿಲ್ಲ. "ಎದೆನೋವು, ಚಿಕ್ಕ ಹುಡುಗಿ" ಅಂತ ಅವರು ಕೌಂಟರಿನಲ್ಲಿ ಹೇಳಿದ ದನಿಗೆ ಮೂಳೆ ಮುರಿದುಕೊಂಡು ಬಂದವನೊಬ್ಬ ತಾನಾಗಿ ಎದ್ದು ಜಾಗ ಬಿಟ್ಟ. ಎದೆನೋವು ಅಂದ ಕೂಡಲೇ ಮೊದಲು ಇಸಿಜಿ ಮಾಡಿದರು. ಹಾರ್ಟು ಗಡಿಯಾರದಂತೆ ನಡೆಯುತ್ತಿತ್ತು. ಆಮೇಲೆ ಡಾಕ್ಟರಮ್ಮನ ಕೋಣೆ. ಐವತ್ತರ ಆಸುಪಾಸಿನ ಹೆಂಗಸು, ಮೂಗಿನ ತುದಿಗೆ ಕನ್ನಡಕ, ಆತುರವಿಲ್ಲದ ಮಾತು.

"ನೋವು ಎಲ್ಲಿ, ಒಂದೇ ಬೆರಳಲ್ಲಿ ತೋರಿಸಿ."

ಸೂಜಿ ಅಂಗೈ ಪೂರ್ತಿ ಎಡಗಡೆ ಇಟ್ಟುಕೊಂಡಳು. "ನನ್ನ ಫ್ರೆಂಡ್ ಒಬ್ಬಳಿಗೆ..." ಅಂತ ಬಾಯಿಗೆ ಬಂದದ್ದನ್ನು ನುಂಗಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಭಾರ, ಚುಚ್ಚು, ಎರಡು ವಾರದ ಕೆಮ್ಮು, ಗ್ಯಾಸಿನ ಮಾತ್ರೆ, ಕೊನೆಯಲ್ಲಿ ಅಮ್ಮ. ಅಮ್ಮ ಅನ್ನುವಾಗ ದನಿ ಎಷ್ಟು ಸಣ್ಣದಾಯಿತೆಂದರೆ ಡಾಕ್ಟರಮ್ಮ ಕನ್ನಡಕ ತೆಗೆದು ಮುಂದಕ್ಕೆ ಬಾಗಬೇಕಾಯಿತು. ಅವರು ಪರೀಕ್ಷೆ ಮಾಡಿ, ಒಂದೆರಡು ಕಡೆ ಒತ್ತಿ ನೋಡಿ, "ನನಗೆ ಒಂದು ಅಂದಾಜಿದೆ. ಆದ್ರೂ ಅಮ್ಮನ ವಿಷಯ ಹೇಳಿದ್ರಲ್ಲ, ಸ್ತನದ ಸ್ಕ್ಯಾನ್ ಮಾಡೋಣ. ಕೆಮ್ಮು ಇದೆ, ಒಂದು ಎಕ್ಸ್‌ರೇನೂ ಆಗಲಿ," ಅಂದರು.

ಎಕ್ಸ್‌ರೇ ಕೋಣೆಯವನು ಲೋಕದ ಮೇಲೆ ಬೇಜಾರು ಬಂದ ಮುಖದ ಮನುಷ್ಯ. "ಗರ್ಭಿಣಿನಾ?" ಅಂತ ಎಲ್ಲ ಹೆಂಗಸರನ್ನೂ ಕೇಳುವಂತೆ ಕೇಳಿದ. "ಮದುವೆ ಮಾಡೋಕೆ ಹುಡುಗ ಸಿಕ್ತಿಲ್ಲ, ನಿನ್ನ ಕಡೆ ಯಾರಾದ್ರೂ ಇದಾರಾ?" ಅಂತ ದೊಡ್ಡಮ್ಮ ತಿರುಗಿ ಅವನನ್ನೇ ಕೇಳಿದರು. ಅವನು ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ಮಾಡದೆ, ಒಂದು ನೀಲಿ ಗೌನು ಕೈಗಿತ್ತು, ಮೇಲಿನ ಬಟ್ಟೆ, ಸರ, ಲೋಹದ್ದು ಏನಿದ್ದರೂ ತೆಗೆದು ಇದನ್ನು ಹಾಕಿಕೊಂಡು ಕಾಯಬೇಕು ಅಂದ.

ಸೂಜಿ ಹೇಳಿದ ಹಾಗೆಯೇ ಮಾಡಿದಳು. ಅಂಗಿ ಬಿಚ್ಚಿ ಮಡಚಿ ಪಕ್ಕದ ಸ್ಟೂಲಿನ ಮೇಲಿಟ್ಟಳು, ಅದರ ಮೇಲೆ ಸರ ಇಟ್ಟಳು. ಗೌನು ಹಾಕಿಕೊಂಡಳು. ಆಗ ನೋಡುತ್ತಾಳೆ, ಗೌನಿನ ಹೆಗಲ ಹೊಲಿಗೆ ಮೂರು ಬೆರಳಷ್ಟು ಬಿಚ್ಚಿಹೋಗಿದೆ, ಕಟ್ಟುವ ಲಾಡಿ ಒಂದೇ ಎಳೆಯಲ್ಲಿ ನೇತಾಡುತ್ತಿದೆ. ಎಷ್ಟೋ ರೋಗಿಗಳು ಇದನ್ನು ಹಾಗೆಯೇ ಹಾಕಿಕೊಂಡು ಹೋಗಿದ್ದಾರೆ, ಒಬ್ಬರಿಗೂ ಏನೂ ಅನಿಸಿಲ್ಲ. ಅವಳಿಗೆ ಮೈಯೆಲ್ಲ ಕಡಿದಂತಾಯಿತು. ಸಾಲಿನಲ್ಲಿ ಅವಳಿಗಿಂತ ಮುಂದೆ ಇನ್ನೂ ಇಬ್ಬರಿದ್ದರು. ಸ್ಟೂಲಿನ ಮೇಲಿನ ಅಂಗಿಯಿಂದ ಸೂಜಿ ಎಳೆದುಕೊಂಡಳು. ಹೆಗಲು ಹೊಲಿದಳು, ಲಾಡಿಗೆ ನಾಲ್ಕು ಬಿಗಿ ಹೊಲಿಗೆ ಹಾಕಿದಳು, ದಾರವನ್ನು ಹಲ್ಲಿನಿಂದ ಕಡಿದಳು. ಮೂರು ತಿಂಗಳಲ್ಲಿ ಅಷ್ಟು ನೆಮ್ಮದಿಯ ಹತ್ತು ನಿಮಿಷ ಅವಳಿಗೆ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕರೆದರು, ಕೆಲಸ ಮುಗಿದಾಗ ಕೈ ಏನು ಮಾಡುತ್ತದೋ ಅದನ್ನೇ ಮಾಡಿತು.

ಯಂತ್ರದ ತಟ್ಟೆಗೆ ಎದೆಯೊತ್ತಿ ನಿಂತಳು, ಉಸಿರು ಹಿಡಿದಳು, ಬಿಟ್ಟಳು. ಕಂಪ್ಯೂಟರಿನ ಮುಂದೆ ಕೂತಿದ್ದ ಎಕ್ಸ್‌ರೇಯವನ ಬೇಜಾರಿನ ಮುಖ ಮೊದಲ ಸಲ ಬದಲಾಯಿತು. ಹತ್ತಿರ ಹೋಗಿ ನೋಡಿದ, ದೂರ ಬಂದು ನೋಡಿದ. ಆಮೇಲೆ ಬಾಗಿಲು ತೆಗೆದು ಹೊರಗಿದ್ದ ದೊಡ್ಡಮ್ಮನನ್ನು ಒಳಗೆ ಕರೆದ.

"ಹುಡುಗಿ ಏನು ಕೆಲಸ ಮಾಡ್ತಾಳಮ್ಮ?"

"ಹೊಲಿಗೆ. ಯಾಕೆ?"

"ಎದೆ ಒಳಗೆ ಸೂಜಿ ಇದೆ."

ಕಪ್ಪು ಪರದೆಯ ಮೇಲೆ ಪಕ್ಕೆಲುಬುಗಳ ಸಾಲು, ನಡುವೆ ಹಾರ್ಟಿನ ಮಬ್ಬು ನೆರಳು, ಅದರ ನೆತ್ತಿಯ ಮೇಲೆ ಓರೆಯಾಗಿ, ಬೆಳ್ಳಗೆ, ಕಣ್ಣಿನ ಸಮೇತ ಒಂದು ಸೂಜಿ. ಇಬ್ಬರೂ ಟೈಲರುಗಳು, ಆ ಸೂಜಿಯ ನಂಬರನ್ನೂ ಗುರುತಿಸಿದರು. ದೊಡ್ಡಮ್ಮ ಹಣೆ ಚಚ್ಚಿಕೊಂಡರು.

"ನಾನು ಬಡ್ಕೊಂಡೆ, ಎದೆ ಮೇಲೆ ಚುಚ್ಕೋಬೇಡ ಅಂತ ಬಡ್ಕೊಂಡೆ. ಸೂಜಿ ಮೈ ಒಳಗೆ ಹೋದ್ರೆ ನಡ್ಕೊಂಡು ಹೋಗಿ ಹಾರ್ಟಿಗೇ ಚುಚ್ಚತ್ತೆ ಕಣೇ. ನೋಡು, ಅರ್ಧ ದಾರಿ ಹೋಗಿಬಿಟ್ಟಿದೆ."

"ಅಲ್ಲಾಡಬೇಡಿ," ಅಂದ ಎಕ್ಸ್‌ರೇಯವನು. "ಯಾರೂ ಅಲ್ಲಾಡಬೇಡಿ." ಅವನೇ ಓಡಿದ, ಡಾಕ್ಟರಮ್ಮನನ್ನು ಕರೆಯಲು.

ಸೂಜಿ ಕೋಲು ನುಂಗಿದವಳಂತೆ ನಿಂತಿದ್ದಳು. ಆದರೆ ಹೊರಗಿನವರಿಗೆ ಗೊತ್ತಾಗದ ಒಂದು ಸಂಗತಿ ಒಳಗೆ ನಡೆಯುತ್ತಿತ್ತು. ಅವಳಿಗೆ ಖುಷಿಯಾಗಿತ್ತು. ಸೂಜಿಯಾದರೆ ಸೂಜಿ. ಅದು ತನಗೆ ಗೊತ್ತಿರುವ ವಸ್ತು, ಅದಕ್ಕೆ ನಂಬರಿದೆ, ಪೊಟ್ಟಣದಲ್ಲಿ ಇಪ್ಪತ್ತೈದು ಬರುತ್ತವೆ. ಕೊಯ್ದು ತೆಗೆದರೆ ಮುಗಿಯಿತು. ಅಂದರೆ ಅಮ್ಮನದು ಅಲ್ಲ. ಎದೆಯೊಳಗೆ ಸೂಜಿ ಹೊಕ್ಕಿದೆ ಅಂತ ಕೇಳಿ ಅಷ್ಟು ಹಗುರಾದವರು ಆ ಆಸ್ಪತ್ರೆಯ ಚರಿತ್ರೆಯಲ್ಲಿ ಇನ್ನೊಬ್ಬರಿರಲಾರರು. ಅವಳ ತುಟಿಯ ಮೇಲೆ ನಗು ಕಂಡ ದೊಡ್ಡಮ್ಮ, ಸೂಜಿ ಆಗಲೇ ತಲೆಗೂ ತಲುಪಿರಬೇಕು ಅಂದುಕೊಂಡು ಜೋರಾಗಿ ಅತ್ತರು.

ಡಾಕ್ಟರಮ್ಮ ಬಂದರು. ಪರದೆ ನೋಡಿದರು. ನಿಂತಿದ್ದ ಹುಡುಗಿಯನ್ನು ನೋಡಿದರು. ಮತ್ತೆ ಪರದೆ ನೋಡಿದರು. ಹತ್ತಿರ ಬಂದು, ಅವಳ ಗೌನಿನ ಎಡಗಡೆಯಿಂದ ಎರಡು ಬೆರಳಲ್ಲಿ ಏನನ್ನೋ ಎಳೆದು ಬೆಳಕಿಗೆ ಹಿಡಿದರು. ಅದರ ಹಿಂದೆ ಒಂದು ಗೇಣು ನೀಲಿ ದಾರ ಬಂತು.



"ಹೆಗಲು ಬಿಚ್ಚಿತ್ತು," ಅಂದಳು ಸೂಜಿ. "ಲಾಡಿನೂ."

ಎಕ್ಸ್‌ರೇಯವನು ತನ್ನ ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡ. ನಗುತ್ತಿದ್ದಾನೋ ಅಳುತ್ತಿದ್ದಾನೋ ಹೆಗಲು ನೋಡಿ ಹೇಳುವ ಹಾಗಿರಲಿಲ್ಲ. ದೊಡ್ಡಮ್ಮ ಮುಖ ಒರೆಸಿಕೊಂಡು, ಗೌನಿನ ಹೆಗಲನ್ನು ಎಳೆದು ನೋಡಿ, ಅಭ್ಯಾಸಬಲದಿಂದ "ಹೊಲಿಗೆ ನೀಟಾಗಿದೆ" ಅಂದರು. ಎಲ್ಲರಿಗೂ ಸಮಾಧಾನ. ಸೂಜಿಯ ಮುಖ ಮಾತ್ರ ಇಳಿದುಹೋಯಿತು. ಕೈಗೆ ಸಿಕ್ಕಿದ್ದ ಒಳ್ಳೆಯ ಕಾರಣವೊಂದು ದಾರದ ಸಮೇತ ಡಾಕ್ಟರಮ್ಮನ ಬೆರಳಲ್ಲಿ ನೇತಾಡುತ್ತಿತ್ತು, ಹಳೆಯ ಭಯ ಬಂದು ಮತ್ತೆ ಅದೇ ಜಾಗದಲ್ಲಿ ಕೂತಿತು. ಎಕ್ಸ್‌ರೇ ಇನ್ನೊಂದು ಸಲ ತೆಗೆದರು. ಆಮೇಲೆ ಸ್ಕ್ಯಾನ್. ತಣ್ಣನೆಯ ಜೆಲ್ಲಿನ ಕೆಳಗೆ ಅವಳು ಕಣ್ಣು ಮುಚ್ಚಿಕೊಂಡು, ಆ ಕೋಣೆಯ ಕಿಟಕಿ ಪರದೆಯಲ್ಲಿ ಎಷ್ಟು ನೆರಿಗೆ ಇದ್ದವು ಅಂತ ನೆನಪಿನಿಂದ ಎಣಿಸಿದಳು. ಮೂವತ್ತೆರಡು.

ಡಾಕ್ಟರಮ್ಮ ಎಲ್ಲ ಕಾಗದಗಳನ್ನೂ ಹರಡಿಕೊಂಡು ಕೂತರು.

"ಸ್ತನದಲ್ಲಿ ಗಂಟಿಲ್ಲ. ಪುಪ್ಪುಸ ಚೆನ್ನಾಗಿದೆ, ಹಾರ್ಟ್ ಚೆನ್ನಾಗಿದೆ. ಈಗ ನೀವು ಹೇಗೆ ಕೂತು ಕೆಲಸ ಮಾಡ್ತೀರಿ, ನನ್ನ ಮೇಜಿನ ಮೇಲೆ ತೋರಿಸಿ."

ಗಂಟಿಲ್ಲ ಎಂಬ ಮಾತು ಅವಳ ತಲೆಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಹೇಳಿದರಲ್ಲ ಅಂತ ಕೂತು ತೋರಿಸಿದಳು. ಹಳೆಯ ಯಂತ್ರ ದಪ್ಪ ಕೋಟನ್ನು ಎಳೆಯುವುದಿಲ್ಲ, ನಾಲ್ಕು ಪದರ ಬಂದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಯಂತ್ರದ ಹಲಗೆಯ ಅಂಚಿಗೆ ಎಡಗಡೆ ಎದೆ ಊರಿ, ಮೈಭಾರ ಬಿಟ್ಟು, ಎರಡೂ ಕೈಯಲ್ಲಿ ಕೋಟನ್ನು ನೂಕಬೇಕು. ಡಾಕ್ಟರಮ್ಮ ಎದ್ದು ಬಂದು ಎದೆಯ ನಡುಮೂಳೆಯ ಪಕ್ಕದಲ್ಲಿ ಒಂದೇ ಬೆರಳಿನಿಂದ ಒತ್ತಿದರು. ಸೂಜಿ ಕುರ್ಚಿಯಿಂದ ಅರ್ಧ ಅಡಿ ಎದ್ದಳು.

"ಇದೇ ನೋವಲ್ವಾ?"

"ಇದೇ."

"ಇದು ಪಕ್ಕೆಲುಬು ಎದೆಮೂಳೆಗೆ ಸೇರೋ ಜಾಗ. ಅಲ್ಲಿ ಮೆತ್ತನೆ ಎಲುಬು ಇರುತ್ತೆ, ಅದು ಊದಿಕೊಂಡಿದೆ. ದಿನಾ ಹಲಗೆಗೆ ಒತ್ತಿದ್ದೀರಿ, ಮೇಲೆ ಕೆಮ್ಮು. ಎಷ್ಟು ಕೋಟು ಆಯ್ತು?"

"ಐವತ್ತಾರು."

"ನೋಯದೆ ಇನ್ನೇನಾಗುತ್ತೆ?"

ಸೂಜಿ ಯೋಚಿಸಿದಳು. ಆಮೇಲೆ ತನಗೆ ತಿಳಿಯುವ ಭಾಷೆಯಲ್ಲಿ ಕೇಳಿದಳು. "ಅಂದ್ರೆ ಕೋಟಿಗೆ ಹೇಳೋದಾದ್ರೆ, ಮೇಲ್ಬಟ್ಟೆ ಸರಿ ಇದೆ, ಒಳಗೆ ಗಟ್ಟಿಗೆ ಅಂತ ಕೂರಿಸೋ ಕ್ಯಾನ್ವಾಸು ಸವೆದುಹೋಗಿದೆ, ಹಾಗಾ?"

"ಹಾಗೇ. ಆದ್ರೆ ತಿಂಗಳಲ್ಲಿ ನಾಲ್ಕು ದಿನ ಎರಡೂ ಕಡೆ ಭಾರ ಆಗುತ್ತೆ ಅಂದ್ರಲ್ಲ, ಅದು ಮೇಲ್ಬಟ್ಟೇದೇ. ಮುಟ್ಟಿಗೆ ಮುಂಚೆ ಸ್ತನ ಸ್ವಲ್ಪ ಊದುತ್ತೆ, ಮುಟ್ಟಾದ ಮೇಲೆ ಇಳಿಯುತ್ತೆ. ನಿಮ್ಮ ವಯಸ್ಸಲ್ಲಿ ತುಂಬಾ ಜನಕ್ಕೆ ಇರುತ್ತೆ. ಎರಡು ಬೇರೆ ಬೇರೆ ನೋವನ್ನ ಸೇರಿಸಿ ನೀವು ಒಂದು ದೊಡ್ಡ ಕಾಯಿಲೆ ಹೊಲಿದುಬಿಟ್ಟಿದ್ದೀರಿ." ಅವರು ಕನ್ನಡಕ ಸರಿಮಾಡಿಕೊಂಡರು. "ಅಂದ ಹಾಗೆ, ಒಳಗೆ ಹಾಕಿದ್ರಲ್ಲ ಆ ಬಾಡಿ, ಅದನ್ನ ಯಾವ ಅಂಗಡೀಲಿ ತಗೊಂಡ್ರಿ?"

"ನಾನೇ ಹೊಲಿದಿದ್ದು," ಅಂದರು ದೊಡ್ಡಮ್ಮ, ಬೆನ್ನು ನೆಟ್ಟಗೆ ಮಾಡಿಕೊಂಡು. "ಡಬಲ್ ಕ್ಯಾನ್ವಾಸು. ಹತ್ತು ವರ್ಷ ಏನೂ ಆಗಲ್ಲ."

"ಬಾಡಿಗೆ ಏನೂ ಆಗಲ್ಲ. ಹುಡುಗಿಗೆ ಆಗುತ್ತೆ. ಮೆತ್ತಗಿರೋದು, ಅಳತೆಗೆ ಸರಿ ಇರೋದು ಕೊಡಿಸಿ."

ದೊಡ್ಡಮ್ಮನ ಮುಖ ಹರಳೆಣ್ಣೆ ಕುಡಿದಂತಾಯಿತು. ಡಾಕ್ಟರಮ್ಮ ನೋವಿಗೆ ಮಾತ್ರೆ ಬರೆದರು, ಬಿಸಿ ಶಾಖ ಕೊಡಲು ಹೇಳಿದರು, ದಿನಕ್ಕೆ ಹತ್ತು ಸಲ ಒತ್ತಿ ನೋಡುವುದನ್ನು ನಿಲ್ಲಿಸಲು ಹೇಳಿದರು, ಕೋಟುಗಳನ್ನು ಬೇರೆ ಯಂತ್ರಕ್ಕೆ ಕಳಿಸಲು ಹೇಳಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ಒಂದು ಮಾತು ನೆನಪಿಟ್ಕೊಳ್ಳಿ. ನಿಮ್ಮ ವಯಸ್ಸಲ್ಲಿ ಈ ನೋವು ಹೆಚ್ಚಾಗಿ ಹೀಗೇ ಇರುತ್ತೆ, ಆದ್ರೆ ಮನೇಲಿ ಕೂತು ಅದನ್ನ ತೀರ್ಮಾನ ಮಾಡಬೇಡಿ. ಕೈಗೆ ಗಂಟು ಸಿಕ್ರೆ, ಚರ್ಮ ಒಳಗೆ ಎಳ್ಕೊಂಡ್ರೆ, ತೊಟ್ಟಿಂದ ರಕ್ತ ಗಿಕ್ತ ಬಂದ್ರೆ, ನೋವು ಇಲ್ಲದಿದ್ರೂ ಬರಬೇಕು. ಎದೆನೋವಿನ ಜೊತೆ ಉಸಿರು ಕಟ್ಟಿದ್ರೆ, ತಲೆ ಸುತ್ತಿದ್ರೆ, ನೋವು ಕೈಗೋ ದವಡೆಗೋ ಇಳಿದ್ರೆ, ಆವತ್ತೇ ಆ ಗಳಿಗೆಯಲ್ಲೇ ಬರಬೇಕು. ಅಮ್ಮನಿಗೆ ಆಗಿದ್ದರಿಂದ ನೀವು ಯಾವ ವಯಸ್ಸಿಂದ ಪರೀಕ್ಷೆ ಮಾಡಿಸ್ಕೋತಾ ಇರಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ. ಅವರಿಗೆ ಆಗ ಎಷ್ಟು ವಯಸ್ಸು?"

"ನಲವತ್ತೊಂಬತ್ತು."

"ಗಂಟು ಗೊತ್ತಾದ ಮೇಲೆ ಎಷ್ಟು ದಿನಕ್ಕೆ ತೋರಿಸಿದ್ರು?"

ಸೂಜಿ ಉತ್ತರ ಹೇಳಲು ಬಾಯಿ ತೆರೆದಳು. ಬಂದದ್ದು ಅಳು. ಏಳು ವರ್ಷದ್ದು, ಒಟ್ಟಿಗೆ ಬಂತು.

"ಗೊತ್ತಿಲ್ಲ. ಅಮ್ಮ ಹೇಳಲಿಲ್ಲ. ನನ್ನ ಹತ್ರ ಅಂಗಿ ಕೊಟ್ಟು ಎಡಗಡೆ ಅರ್ಧ ಇಂಚು ಸಡಿಲ ಬಿಡು ಅಂದಿದ್ಲು. ನಾನು ಬಿಟ್ಟುಕೊಟ್ಟೆ. ಒಂದೇ ಕಡೆ ಯಾಕೆ ಅಂತ ಕೇಳಲಿಲ್ಲ. ಹೊಲಿಗೆ ನೀಟಾಗಿ ಬಂದಿದೆ ಅಂತ ತೋರಿಸಿದೆ. ಅಮ್ಮ ಚೆನ್ನಾಗಿದೆ ಅಂದ್ಲು. ಕೇಳಿದ್ರೆ ಹೇಳ್ತಿದ್ಲು, ಡಾಕ್ಟ್ರೇ. ಅವತ್ತೇ ಕರ್ಕೊಂಡು ಬರಬಹುದಿತ್ತು."

ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡು ಕೂತರು. ದೊಡ್ಡಮ್ಮ ಗೋಡೆಯ ಮೇಲಿದ್ದ ಕಣ್ಣಿನ ಪರೀಕ್ಷೆಯ ಪಟವನ್ನು, ದೊಡ್ಡ ಅಕ್ಷರದಿಂದ ಸಣ್ಣ ಅಕ್ಷರದವರೆಗೆ, ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

ಹೊರಗೆ ಬಂದಾಗ ಎಕ್ಸ್‌ರೇಯವನು ಕಾಯುತ್ತಿದ್ದ. ಕೈಯಲ್ಲಿ ಒಂಬತ್ತು ಗೌನುಗಳ ಕಟ್ಟು. ಎಲ್ಲದರ ಲಾಡಿಯೂ ಕಿತ್ತುಹೋಗಿತ್ತು. "ಸುಮ್ನೆ ಕೇಳಿದೆ," ಅಂದ. ಸೂಜಿ ಕಣ್ಣೊರೆಸಿಕೊಂಡು ಕಟ್ಟನ್ನು ಕಂಕುಳಿಗೆ ಸೇರಿಸಿದಳು. "ಸೂಜಿ ಮಾತ್ರ ಎಣಿಸಿ ವಾಪಸ್ ತಗೊಳ್ಳಿ," ಅಂತ ಅವನು ಹಿಂದಿನಿಂದ ಕೂಗಿ ಹೇಳಿದ.

ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತರು. ಯಾರಿಗೂ ಬೈಯಲಿಲ್ಲ, ಡ್ರೈವರಿಗೆ ಕೂಡ. ಸೂಜಿಗೆ ಚಿಂತೆಯಾಯಿತು.

ಅಂಗಡಿ ತೆಗೆದಾಗ ನಾಲ್ಕು ಗಂಟೆ. ದೊಡ್ಡಮ್ಮ ಸೂಜಿಗೆ ಬೇರೆ ಅಂಗಿ ಕೊಟ್ಟು, ಅವಳ ಅಂಗಿಯನ್ನು ಬಿಚ್ಚಿಸಿಕೊಂಡರು. ಬ್ಲೇಡು ತೆಗೆದುಕೊಂಡು ಎಡಗಡೆಯ ಟಕ್ಸ್ ಬಿಚ್ಚತೊಡಗಿದರು, ಅರ್ಧ ಇಂಚನ್ನು ವಾಪಸು ತರಲು. ಮೇಜಿನ ಮೇಲೆ ಬೆಳಗ್ಗೆ ತೆಗೆದಿಟ್ಟ ಹನ್ನೊಂದು ಗುಂಡುಸೂಜಿ ಹಾಗೆಯೇ ಇದ್ದವು. ಅವರು ಅವನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

"ನಿಮ್ಮಮ್ಮ ನಿನ್ನ ಹತ್ರ ತಂದಿದ್ದು ನಾಲ್ಕನೇ ಅಂಗಿ," ಅಂದರು, ಹೊಲಿಗೆಯಿಂದ ಕಣ್ಣೆತ್ತದೆ.

ಸೂಜಿ ಗೌನುಗಳ ಕಟ್ಟನ್ನು ಕೆಳಗಿಟ್ಟಳು.

"ಅದಕ್ಕೆ ಮುಂಚೆ ಮೂರು ಅಂಗಿ ನನ್ನ ಹತ್ರಾನೇ ಕೊಟ್ಟಿದ್ಲು. ಮೂರಕ್ಕೂ ಎಡಗಡೇನೇ. ನಾನೇ ಸಡಿಲ ಮಾಡಿ ಕೊಟ್ಟೆ. ನಲವತ್ತೊಂಬತ್ತು ವರ್ಷ ನೋಡಿದ ಮೈ ಅದು, ನನ್ನ ಒಡಹುಟ್ಟಿದವಳು. ಒಂದೇ ಕಡೆ ದಪ್ಪ ಆಗೋರು ಇರ್ತಾರಾ? ಕೈಗೆ ಗೊತ್ತಾಗಿತ್ತು. ಬಾಯಿ ಕೇಳಲಿಲ್ಲ. ಎಷ್ಟು ಅಂತ ಕೇಳಿದೆ, ಯಾಕೆ ಅಂತ ಕೇಳಲಿಲ್ಲ. ಆಮೇಲೆ ನನ್ನ ಹತ್ರ ಬರೋದು ಬಿಟ್ಟು ನಿನ್ನ ಹತ್ರ ಬಂದ್ಲು. ನಾನೆಲ್ಲಿ ಕೇಳಿಬಿಡ್ತೀನೋ ಅಂತ ಇರಬೇಕು." ಬ್ಲೇಡು ಕೆಳಗಿಟ್ಟರು. "ನೀನು ಹದಿನೇಳರ ಹುಡುಗಿ. ನಾನು ಹೇಳಿಕೊಟ್ಟಿದ್ದನ್ನ ಮಾಡಿದೆ. ತಪ್ಪು ನಿಂದಲ್ಲ ಅಂತ ಏಳು ವರ್ಷದಿಂದ ಹೇಳಬೇಕಿತ್ತು. ಹೇಳಿದ್ರೆ ನಂದು ಅಂತ ಆಗತ್ತಲ್ಲ, ಅದಕ್ಕೆ ಹೇಳಲಿಲ್ಲ."

ಸೂಜಿ ಹೋಗಿ ದೊಡ್ಡಮ್ಮನ ಪಕ್ಕ ಕೂತಳು. ಒಬ್ಬರೇ ಹೊತ್ತಿದ್ದೇವೆ ಅಂದುಕೊಂಡ ಭಾರವನ್ನು ಇಬ್ಬರೂ ಒಂದೇ ಕೋಣೆಯಲ್ಲಿ, ಎರಡು ಯಂತ್ರಗಳ ಅಂತರದಲ್ಲಿ, ಏಳು ವರ್ಷ ಹೊತ್ತಿದ್ದರು. ಅವಳು ದೊಡ್ಡಮ್ಮನ ಹೆಗಲಿಗೆ ತಲೆ ಇಟ್ಟಳು. ದೊಡ್ಡಮ್ಮ ಅವಳ ಅಂಗಿಯ ಅಂಚಿನಲ್ಲೇ ಮೂಗು ಒರೆಸಿಕೊಂಡರು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಸೆಕ್ಯೂರಿಟಿ ಕಂಪನಿಯ ಕಾವಲುಗಾರ, ಆರಡಿ ಎತ್ತರ, ದಪ್ಪ ಮೀಸೆ. ಮೊನ್ನೆ ತೆಗೆದುಕೊಂಡು ಹೋಗಿದ್ದ ಕೋಟನ್ನು ಮೇಜಿನ ಮೇಲೆ ಹಾಕಿದ.

"ಅಮ್ಮ, ಇದು ಎಡಗಡೆ ಒಂದು ಅರ್ಧ ಇಂಚು ಸಡಿಲ ಮಾಡಿಕೊಡಿ."

"ಯಾಕೆ?" ಅಂದರು ಇಬ್ಬರೂ ಒಟ್ಟಿಗೆ.

ಆ ಅಂಗಡಿಯಲ್ಲಿ ಹಿಂದೆಂದೂ ಯಾರೂ ಕೇಳದ ಪ್ರಶ್ನೆ. ಕಾವಲುಗಾರ ಒಂದು ಹೆಜ್ಜೆ ಹಿಂದೆ ಸರಿದ.

"ಒಳಜೇಬಲ್ಲಿ ಟಾರ್ಚ್ ಇಡ್ತೀನಿ, ಒತ್ತುತ್ತೆ."

"ಟಾರ್ಚ್ ತೆಗೆದ ಮೇಲೂ ಒತ್ತುತ್ತಾ?" ಅಂತ ಕೇಳಿದಳು ಸೂಜಿ.

"ಉಸಿರಾಡೋಕೆ ಕಷ್ಟ ಗಿಷ್ಟ ಇದೆಯಾ? ಕೈಗೆ ಇಳಿಯುತ್ತಾ?" ಅಂದರು ದೊಡ್ಡಮ್ಮ.

ಅವನು ಟಾರ್ಚ್ ತೆಗೆದು ಮೇಜಿನ ಮೇಲಿಟ್ಟ, ಕೋಟು ಹಾಕಿಕೊಂಡ, ಉಸಿರೆಳೆದ, ಬಿಟ್ಟ, ಕೈ ಮೇಲೆತ್ತಿದ, ಕೆಳಗಿಳಿಸಿದ. ಒತ್ತುವುದಿಲ್ಲ ಅಂತ ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ. ಎದುರುಗಡೆ ಅಂಗಡಿಗೆ ಹೋಗಲಿಲ್ಲ. ಹೋದರೂ ಅಲ್ಲಿ ಸಿಗುವುದು ಗಾಳಿ ಮಾತ್ರ. ದೊಡ್ಡಮ್ಮ ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡರು, ಸೂಜಿ ಟೇಪು ತೆಗೆದು ಕೋಟಿನ ಅಳತೆ ತೆಗೆದುಕೊಂಡಳು.